ಇಪ್ಪತ್ತು ವರ್ಷದ ಹೊಸ ಚಾಲಕಿ

ಗೇಟಿನ ಹೊರಗೆ ಹಾರ್ನ್ ಎರಡು ಸಲ ಕೂಗಿತು. ಅದು ಆ ಮನೆಯ ದನಿಯಲ್ಲ. ಆ ಮನೆಯ ಕಾರಿನ ಹಾರ್ನಿಗೆ ವರ್ಷವಿಡೀ ನೆಗಡಿ, ಒತ್ತಿದರೆ ಕೆಮ್ಮುತ್ತಿತ್ತು. ಇದು ತುತ್ತೂರಿಯ ಹಾಗೆ ಮೊಳಗಿತು. ಪರದೆಯಕ್ಕನ ಕೈ ಬೆಚ್ಚಿ, ಕತ್ತರಿ ಗೆರೆ ಬಿಟ್ಟು ಒಂದು ಬೆರಳು ಆಚೆ ಹರಿಯಿತು. ಆಸ್ಪತ್ರೆಯ ಹೊಸ ವಾರ್ಡಿಗೆಂದು ತಂದ ತಿಳಿಹಸಿರು ಬಟ್ಟೆ. ಹಾಳಾಯಿತಲ್ಲ ಎಂದು ಅಂಚನ್ನು ಸವರುತ್ತ ಅವಳು ಎದ್ದಳು.

ಊರಿನ ಅರ್ಧ ಕಿಟಕಿಗಳು ಅವಳು ಹೊಲಿದ ಪರದೆ ಉಟ್ಟಿದ್ದವು, ಅದಕ್ಕೇ ಆ ಹೆಸರು. ಯಾವ ಕಿಟಕಿಗೆ ಬೆಳಗಿನ ಬಿಸಿಲು, ಯಾವುದಕ್ಕೆ ಎದುರುಮನೆಯವರ ಕಣ್ಣು, ಎಲ್ಲ ಅವಳಿಗೆ ಗೊತ್ತು. ಹಳೆಯ ಕಾರಿನ ಹಿಂದಿನ ಸೀಟು ಮಡಚಿ, ಪರದೆ ತೂಗುವ ಸರಳುಗಳನ್ನು ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಮಲಗಿಸಿ, ಮೇಲೆ ಏಣಿ ಕಟ್ಟಿಕೊಂಡು ಹೊರಡುತ್ತಿದ್ದಳು. ತಿರುವಿನಲ್ಲಿ ಸರಳುಗಳು ಜಾರಬಾರದೆಂದು, ಮಲಗಿದ ಮಗುವನ್ನು ತೊಟ್ಟಿಲಿಂದ ಎತ್ತುವವಳ ಹಾಗೆ ಕಾರು ತಿರುಗಿಸುತ್ತಿದ್ದಳು. ಗಂಡ ಹಿರಿಯ ಗುಮಾಸ್ತ. ಕಚೇರಿಗೆ ಬಸ್ಸು, ಭಾನುವಾರ ಮಾತ್ರ ಸ್ಟೇರಿಂಗು.

"ಬಾರೇ ಹೊರಗೆ, ಕಣ್ತುಂಬ ನೋಡು!" ಗಂಡ ಬೆಳ್ಳಗಿನ ಹೊಸ ಕಾರಿಗೆ ಒರಗಿ ನಿಂತಿದ್ದ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. "ಹಳೇದು ಇನ್ಮೇಲೆ ನಿಂದು. ಪೂರ್ತಿ ನಿಂದು. ಇನ್ಶೂರೆನ್ಸೂ ನಿನ್ನ ಹೆಸರಲ್ಲೇ ಮಾಡಿಸ್ಕೋ. ಖುಷಿನಾ?"

ಖುಷಿಯಾಗಿತ್ತು. ಆಮೇಲೆ ನೆನೆದಾಗ ಅವಳಿಗೆ ಮೈ ಉರಿದದ್ದು ಅದಕ್ಕೇ.

ಮಾರನೆಯ ದಿನ ಇನ್ಶೂರೆನ್ಸ್ ಕಚೇರಿಯಲ್ಲಿ, ಗಾಜಿನಾಚೆ ಕೂತ ಹುಡುಗಿ ನಗುನಗುತ್ತಲೇ ಶುರು ಮಾಡಿದಳು.

"ಎಷ್ಟು ವರ್ಷದಿಂದ ಓಡಿಸ್ತಿದೀರಾ ಮೇಡಂ?"

"ಇಪ್ಪತ್ತು."

"ಪಾಲಿಸಿ ನಿಮ್ಮ ಹೆಸರಲ್ಲೇ ಇತ್ತಾ?"

"ಇಲ್ಲಮ್ಮ, ನಮ್ಮ ಯಜಮಾನರ ಹೆಸರಲ್ಲಿತ್ತು."

ಹುಡುಗಿಯ ಬೆರಳು ನಿಂತಿತು. "ಹಾಗಾದ್ರೆ ನಿಮ್ಮದು ಸೊನ್ನೆಯಿಂದ ಶುರು."

ಕಂಪ್ಯೂಟರಿನಲ್ಲಿ ಮೂಡಿದ ಮೊತ್ತಕ್ಕೆ ಅಂಥದೇ ಇನ್ನೊಂದು ಹಳೇ ಕಾರು ಕೊಂಡು, ಉಳಿದದ್ದಕ್ಕೆ ಪೆಟ್ರೋಲು ಹಾಕಿಸಬಹುದಿತ್ತು.

"ಹೋದ ವಾರ ಲೈಸೆನ್ಸ್ ತಗೊಂಡ ಹುಡುಗಂಗೂ ನಂಗೂ ಒಂದೇ ರೇಟಾ?"

"ಅವನ ವಯಸ್ಸಿಗೆ ಇನ್ನೊಂಚೂರು ಜಾಸ್ತಿ ಬೀಳತ್ತೆ, ಅಷ್ಟೇ. ನೋ ಕ್ಲೇಮ್ ಬೋನಸ್ ಇಲ್ಲದೋರೆಲ್ಲ ನಮಗೆ ಹೊಸಬರೇ ಮೇಡಂ. ಒಂದು ವರ್ಷ ಪರಿಹಾರ ಕೇಳದೆ ಇದ್ರೆ ರಿಯಾಯಿತಿ ಒಂದು ಮೆಟ್ಟಿಲು ಏರತ್ತೆ. ಮತ್ತೊಂದು ವರ್ಷ, ಮತ್ತೊಂದು ಮೆಟ್ಟಿಲು. ಒಂದು ಸಲ ಕ್ಲೇಮ್ ಮಾಡಿದ್ರೋ, ದಬ್ ಅಂತ ಕೆಳಗೆ. ಆ ರಿಯಾಯಿತಿ ಕಾರಿಗೆ ಸೇರಿದ್ದಲ್ಲ, ಓಡಿಸಿದೋರಿಗೂ ಅಲ್ಲ. ಪಾಲಿಸಿ ಯಾರ ಹೆಸರಲ್ಲಿರತ್ತೋ ಅವರಿಗೆ. ನಿಮ್ಮ ಯಜಮಾನರು ತುತ್ತತುದಿ ಮೆಟ್ಟಿಲಲ್ಲಿದಾರೆ. ಅದನ್ನ ಹೊಸ ಕಾರಿಗೆ ತಗೊಂಡು ಹೋಗಿದಾರೆ."

"ಮತ್ತೆ ಹಳೇದಕ್ಕೆ?"

"ಅದಕ್ಕೆ ಈಗ ಏನೂ ಇಲ್ಲ. ಪಾಲಿಸಿ ಆಗೋ ತನಕ ರಸ್ತೆಗೆ ತರೋ ಹಾಗಿಲ್ಲ." ಹುಡುಗಿ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದಳು. "ಹೊಸ ಕಾರಲ್ಲಿ ಎರಡನೇ ಚಾಲಕಿ ಅಂತ ನಿಮ್ಮ ಹೆಸರಿದೆ ಮೇಡಂ. ಬಹಳ ವರ್ಷದ ಅನುಭವ ಅಂತ ಸರ್ ಬರೆಸಿದಾರೆ. ಅದರಿಂದ ಅವರಿಗೆ ರೇಟು ಇನ್ನೂ ಸ್ವಲ್ಪ ಇಳೀತು."

"ಓಹೋ! ಅವರ ಕಾರಲ್ಲಿ ಕೂತ್ರೆ ನಾನು ಅನುಭವಸ್ಥೆ. ನನ್ನ ಕಾರಲ್ಲಿ ಕೂತ್ರೆ ಹಸುಗೂಸು. ಆ ಬಾಗಿಲು ಹಾಕಿ ಈ ಬಾಗಿಲು ತೆಗೆಯೋಷ್ಟರಲ್ಲಿ ಇಪ್ಪತ್ತು ವರ್ಷ ಎಲ್ಲಿ ಉದುರಿ ಹೋಗತ್ತಮ್ಮ?"

ಹುಡುಗಿ ನಗಲಿಲ್ಲ. ಮೆಲ್ಲಗೆ, "ನಿಯಮ ನಾನು ಮಾಡಿದ್ದಲ್ಲ ಮೇಡಂ" ಎಂದಳು. ಅದೂ ನಿಜವೇ. ಪರದೆಯಕ್ಕ ಮತ್ತೊಂದು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ತೆಗೆದುಕೊಂಡು, ಹೊರಗೆ ಬಂದಳು.

ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಸಿಟ್ಟು ಅಂಗಾಲಿನಿಂದ ಏರಿತು. ಆಸ್ಪತ್ರೆಯವರು ನಾಳೆ ಬೆಳಿಗ್ಗೆಯೊಳಗೆ ಪರದೆಗಳೆಲ್ಲ ತೂಗಿರಬೇಕು ಎಂದಿದ್ದರು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಅಷ್ಟು ದೊಡ್ಡ ಕೆಲಸ ಅವಳ ಬಾಗಿಲಿಗೆ ಹಿಂದೆಂದೂ ಬಂದಿರಲಿಲ್ಲ. ಬಸ್ಸಿನಲ್ಲಿ ಸರಳು, ಏಣಿ, ಮೂಟೆ ಹೊತ್ತು ಹೋಗಲಾದೀತೇ?

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ನೆನಪಾಯಿತು. ಹಳೇ ಕಾರು ಬಂದ ದಿನ ಇನ್ಶೂರೆನ್ಸ್ ಏಜೆಂಟು ಮನೆಗೇ ಬಂದು, "ಯಾರ ಹೆಸರಿಗೆ ಬರೀಲಿ?" ಎಂದು ಕೇಳಿದ್ದ. ಅವಳು ಪರದೆ ಬಟ್ಟೆಗೆ ಮಡಿಕೆ ಹಾಕುತ್ತಿದ್ದಳು, ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು. ಬಾಯಿ ತೆರೆದರೆ ಎಲ್ಲ ಉದುರುತ್ತಿದ್ದವು. ಗಲ್ಲದಿಂದ ಗಂಡನ ಕಡೆ ತೋರಿಸಿದಳು. ಅವರನ್ನೇ ಕೇಳಿ, ಎಂದಷ್ಟೇ. ಏಜೆಂಟು ಗಂಡನ ಹೆಸರು ಬರೆದುಕೊಂಡ. ಒಂದು ಗಲ್ಲದ ಸನ್ನೆ!

ಆಮೇಲೆ ಗೇಟಿನ ಆ ಕಂಬ. ಒಂದು ಭಾನುವಾರ ಗಂಡ ಫೋನಿನಲ್ಲಿ ನಗುತ್ತಾ ಕಾರನ್ನು ಹಿಂದಕ್ಕೆ ಬಿಟ್ಟು, ಅದಕ್ಕೆ ಗುದ್ದಿದ್ದ. ಕಾರಿನ ಬೆನ್ನು ಚಪ್ಪಟೆ. "ಕ್ಲೇಮ್ ಮಾಡಿದ್ರೆ ಬೋನಸ್ ಹೋಗ್ಬಿಡತ್ತೆ ಕಣೇ, ನಿನ್ನ ಕೈಲಿ ದುಡ್ಡಿದ್ರೆ ನೋಡು" ಎಂದಿದ್ದ. ಎರಡು ಚಳಿಗಾಲ ಹೊಲಿದು ಮಾರಿದ ಪರದೆಗಳ ದುಡ್ಡು ಗ್ಯಾರೇಜಿನವನ ಪಾಲಾಯಿತು. ದಿನವೂ ಓಡಿಸಿ ರಿಯಾಯಿತಿ ಕಾಪಾಡಿದವಳು ಅವಳು. ಅವನು ಬೀಳಿಸಹೊರಟದ್ದನ್ನು ಎತ್ತಿ ನಿಲ್ಲಿಸಿದವಳೂ ಅವಳೇ. ಬಿತ್ತಿದವಳು ಒಬ್ಬಳು, ಕಣಜದ ಮೇಲೆ ಹೆಸರು ಇನ್ನೊಬ್ಬರದು.

ಮನೆಗೆ ಬಂದಾಗ ನಾದಿನಿ ಹೊಸ ಕಾರು ನೋಡಲು ಬಂದು ಕೂತಿದ್ದಳು. ಪರದೆಯಕ್ಕ ಯಾರೊಡನೆಯೂ ಮಾತಾಡದೆ ಕೊನೆಯ ಪರದೆ ಎಳೆದುಕೊಂಡು, ಪಿನ್ನುಗಳನ್ನು ತುಟಿಗೆ ಸಿಕ್ಕಿಸಿಕೊಂಡಳು. ಕಟ್ಟಿಟ್ಟ ಮೂಟೆಗಳ ಮೇಲೆ ಹೊಸ ಕಾರಿನ ಕೀಲಿ ಮೆರೆಯುತ್ತಿತ್ತು.

"ಇಪ್ಪತ್ತು ವರ್ಷ!" ಗಂಡ ತಂಗಿಗೆ ಹೇಳುತ್ತಿದ್ದ. "ಒಂದು ಕ್ಲೇಮಿಲ್ಲ. ಕಂಪನಿಯೋನು ಎದ್ದು ನಿಂತು ಕೈ ಕುಲುಕಿದ. ಇಂಥ ಡ್ರೈವರ್ ಸಿಗೋದು ಅಪರೂಪ ಸರ್, ಅಂದ."

"ಯಾವ ಡ್ರೈವರ್ ಅಣ್ಣಾ? ನೀನು ಗೇರ್ ಹಾಕೋವಾಗ ಬೀದಿ ನಾಯಿ ಕೂಡ ಎದ್ದು ಮೆಟ್ಟಿಲು ಹತ್ತತ್ತೆ."

"ಬೇಕಾದ್ರೆ ನಿಮ್ಮತ್ತಿಗೇನೇ ಕೇಳು. ಅಲ್ವೇನೇ?"

ಅವಳು ಕತ್ತೆತ್ತಿದಳು. ಅದೇ ಪಿನ್ನುಗಳು, ಅದೇ ಪ್ರಶ್ನೆ ಕೇಳುವ ಮುಖ. ಈ ಸಲ ಗಲ್ಲ ಅಲ್ಲಾಡಲಿಲ್ಲ. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿದ್ದ ಪುಟ್ಟ ಪಿನ್ನುದಿಂಬಿಗೆ ಚುಚ್ಚಿದಳು.

"ಆ ಕಂಬಾನ ಕೇಳಿ," ಎಂದಳು. "ಅದಕ್ಕೆ ಎಲ್ಲಾ ಗೊತ್ತು."

ನಾದಿನಿ ಪುಸಕ್ಕನೆ ನಕ್ಕಳು. ಗಂಡ ನಗಲಿಲ್ಲ.

"ನನ್ನ ಹೆಸರಲ್ಲಿ ಏನೂ ಇಲ್ಲವಂತೆ ರೀ. ನಾನು ಇವತ್ತು ಹುಟ್ಟಿದ ಡ್ರೈವರಂತೆ. ಹಳೇ ಕಾರು ಗೇಟು ದಾಟೋ ಹಾಗಿಲ್ಲ. ಈಗ ಆಸ್ಪತ್ರೆಗೆ ಹೆಂಗೆ ಹೋಗ್ಲಿ?"

"ಅಷ್ಟೇನಾ? ಒಂದು ವ್ಯಾನ್ ಬಾಡಿಗೆಗೆ ತಗೊಂಡ್ರಾಯ್ತು. ಮೊದಲ ವರ್ಷ ಎಲ್ಲರಿಗೂ ದುಬಾರಿನೇ ಕಣೇ. ಐದಾರು ವರ್ಷ ಹುಷಾರಾಗಿ ಓಡಿಸು, ನಿಂಗೂ ಬರತ್ತೆ ಬೋನಸ್."

"ಹುಷಾರಾಗಿ?"

"ಹೂಂ. ನನ್ನ ಹಾಗೆ."

"ಅಣ್ಣಾ, ಬಾಯಿ ಮುಚ್ಚು," ಎಂದಳು ನಾದಿನಿ. ಅವಳ ನಗು ಆರಿತ್ತು.

ಪರದೆಯಕ್ಕ ಎದ್ದಳು. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಸರಳುಗಳ ಕಟ್ಟನ್ನು ಹೆಗಲಿಗೆ ಎತ್ತಿಕೊಂಡಳು.

"ಏಯ್, ಎಲ್ಲಿಗೆ? ಆ ಸರಳಿಂದ ಹೊಸ ಸೀಟು ಹರಿದು ಹೋಗತ್ತೆ!"

"ಎರಡನೇ ಚಾಲಕಿ ರೀ ನಾನು. ಬಹಳ ಅನುಭವ. ಕೆಲಸಕ್ಕೂ ಓಡಿಸಬಹುದಂತೆ, ಕೇಳ್ಕೊಂಡೇ ಬಂದಿದೀನಿ."

"ಗೀರು ಬಿದ್ರೆ ಯಾರು..."

"ಬಿದ್ರೆ ಕ್ಲೇಮ್ ಮಾಡಿ. ಈ ಸಲ ನನ್ನ ಪರದೆ ಮಾರಲ್ಲ."

"ನೋಡೇ, ಒಂದು ನಿಮಿಷ ನಿಲ್ಲು, ಕೂತು ಮಾತಾಡೋಣ. ನಾನು ಏನು ಹೇಳ್ತಿದೀನಿ ಅಂದ್ರೆ, ರೂಲ್ಸ್ ಪ್ರಕಾರ ಹೆಸರು ಅನ್ನೋದು..."

ಸರಳುಗಳ ಹಿಂದಿನ ತುದಿ ಬಾಗಿಲ ಚೌಕಟ್ಟಿಗೆ ಟಣ್ಣೆಂದು ತಾಗಿತು. ಅವಳು ಹಿಂದಿರುಗಿ ನೋಡಲಿಲ್ಲ.