ಅಮ್ಮಣ್ಣಿಯ ಕೈ ಮೇಲೆ ಊರ ಕಣ್ಣು

ಮುಳ್ಳೇರಿಯದ ಮನೆಯೊಂದರ ಬಚ್ಚಲಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸೂಲಗಿತ್ತಿ ಅಮ್ಮಣ್ಣಿ ಕಾಲು ಚಾಚಿ ಕುಳಿತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಾಳೆ. ನೀರು ಹೊಯ್ಯುವ ಮೊದಲು ಅದರ ಕಣ್ಣಿನ ಬಿಳಿಯಲ್ಲಿ ಹಳದಿ ಇದೆಯೇ ಎಂದು ರೆಪ್ಪೆ ಬಿಡಿಸಿ ನೋಡುತ್ತಾಳೆ. ಕೂಸಿನ ಅಜ್ಜಿ ಪಂಕಜಾಕ್ಷಿ ಬಾಗಿಲಲ್ಲಿ ನಿಂತು ನೋಡುವುದು ಮಾತ್ರ ಅಮ್ಮಣ್ಣಿಯ ಕೈಯನ್ನು.

"ನೋಡಲಿ ಬಿಡಿ. ಎರಡು ಮಕ್ಕಳು ಹೋದ ಮನೆ ಅಲ್ವಾ?" ಎನ್ನುತ್ತಾಳೆ ಅಮ್ಮಣ್ಣಿ.

ಈ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಪಂಕಜಾಕ್ಷಿಯ ಸೊಸೆ ಪ್ರೇಮಾವತಿಯ ಮೊದಲ ಮಗಳು ಮಂಜೇಶ್ವರದ ತವರಿನಲ್ಲಿ ಹುಟ್ಟಿ ಗುಂಡುಕಲ್ಲಿನ ಹಾಗಿದ್ದಾಳೆ. ಆಮೇಲಿನ ಎರಡು ಗಂಡನ ಮನೆಯಲ್ಲಿ, ಅಮ್ಮಣ್ಣಿಯ ಕೈಯಲ್ಲಿ ಹುಟ್ಟಿದವು. ಅರಸಿನ ಬಳಿದಂತೆ ಹಳದಿಯಾಗಿ ಕಣ್ಣು ಮುಚ್ಚಿದವು. ಕೆಲವರು ದೈವದ ಮುನಿಸು ಎಂದರು. ದೈವವನ್ನು ದೂರಲು ಹೆದರಿದವರು ಸೂಲಗಿತ್ತಿಯನ್ನು ದೂರಿದರು. ಊರ ಬಾಯಿಗೆ ಬೀಗ ಹಾಕುವವರುಂಟೇ? ಅರ್ಧ ಊರನ್ನೇ ಎತ್ತಿಕೊಂಡ ಕೈಗೆ ಕೆಲಸವಿಲ್ಲದಾಯಿತು.

"ನನಗೇ ನನ್ನ ಕೈ ಮೇಲೆ ಸಂಶಯ ಬಂತು. ಊಟಕ್ಕೆ ಕೂತರೂ ಅದನ್ನೇ ನೋಡುತ್ತಿದ್ದೆ."

ಪ್ರೇಮಾವತಿ ಮತ್ತೆ ಬಸುರಿಯಾದಾಗ ಅಮ್ಮಣ್ಣಿ ಕರೆಯದೆಯೇ ಈ ಮನೆಗೆ ಬಂದಳು. "ಅಕ್ಕಾ, ಈ ಸಲ ನಾನು ಮುಟ್ಟುವುದಿಲ್ಲ. ಮಂಗಳೂರಿಗೆ ಕರಕೊಂಡು ಹೋಗುವ."

"ನಿನಗೆ ಅಲ್ಲಿ ಎಂತ ಲಾಭ ಉಂಟು?" ಪಂಕಜಾಕ್ಷಿಗೆ ಅದರಲ್ಲೂ ಗುಮಾನಿ. ಕೊನೆಗೆ ಸೊಸೆಯೇ ಹೊರಟು ನಿಂತಳು. ತಾಲೂಕು ಕೇರಳಕ್ಕೆ ಸೇರಿ ಒಂದು ವರ್ಷವಾದರೂ ದೊಡ್ಡ ಕಾಯಿಲೆಗೆ ಇಲ್ಲಿನವರ ದಾರಿ ಮಂಗಳೂರಿಗೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂಜಿ ಚುಚ್ಚಿದಾಗ ಅಮ್ಮಣ್ಣಿಗೂ ಅನುಮಾನ: ಬಸುರಿಯ ಮೈಯಿಂದ ರಕ್ತ ತೆಗೆಯುವವರುಂಟೇ? ಡಾಕ್ಟರಮ್ಮ ಬಿಡಿಸಿ ಹೇಳಿದರು. ಪ್ರೇಮಾವತಿಯ ರಕ್ತ ನೆಗೆಟಿವ್, ಗಂಡನದು ಪಾಸಿಟಿವ್; ಮಕ್ಕಳಿಗೆ ಬಂದದ್ದು ತಂದೆಯದು. ಚೊಚ್ಚಲ ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ಮೈ ಸೇರಿದೆ. ಆ ಮಗುವಿಗೆ ಏನೂ ಆಗಲಿಲ್ಲ. ಆದರೆ ತಾಯಿಯ ಮೈ ಆ ರಕ್ತವನ್ನು ಹಗೆಯೆಂದು ನೆನಪಿಟ್ಟುಕೊಂಡು, ಮುಂದಿನ ಮಕ್ಕಳ ರಕ್ತವನ್ನು ಹೊಟ್ಟೆಯಲ್ಲಿರುವಾಗಲೇ ಕೆಡಿಸಿತು. ಎಲ್ಲಿ ಹೆತ್ತರೂ, ಯಾರು ಎತ್ತಿಕೊಂಡರೂ ಅದು ಹಾಗೆಯೇ ಆಗುತ್ತಿತ್ತು.

"ಅಷ್ಟು ಕೇಳಿ ಹೊರಗೆ ಬಂದು ಅತ್ತುಬಿಟ್ಟೆ," ಎನ್ನುತ್ತಾಳೆ ಅಮ್ಮಣ್ಣಿ.

ಈ ಕೂಸು ಅಲ್ಲೇ ಹುಟ್ಟಿತು. ಕೂಡಲೇ ಕೆಟ್ಟ ರಕ್ತ ತೆಗೆದು ತಾಯಿಯ ಮೈಯ ಹಗೆ ತಾಗದಂಥ ರಕ್ತ ಹಾಕಿದರು. ಕೊಟ್ಟವನು ಸೋದರಮಾವ ಗುಣಪಾಲ. ಅವನದೂ ಅಕ್ಕನ ಹಾಗೆ ನೆಗೆಟಿವ್.

ಪಂಕಜಾಕ್ಷಿ ಇನ್ನೂ ಪೂರ್ತಿ ನಂಬಿಲ್ಲ. ಮೀಯಿಸಲು ಕರೆದರೂ ಕಾವಲು ಬಿಟ್ಟಿಲ್ಲ. ಅಮ್ಮಣ್ಣಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಡುತ್ತಾಳೆ. ಅಜ್ಜಿ ಬೆಳಕಿಗೆ ತಿರುಗಿ, ಮೆಲ್ಲನೆ ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಾಳೆ.

"ನನಗೆ ಬೇರೆ ಎಂತದೂ ಬೇಡ," ಅಮ್ಮಣ್ಣಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾಳೆ. "ಇನ್ನು ಯಾರ ಮನೆಯಲ್ಲಾದರೂ ಕೂಸು ಹಳದಿಯಾದರೆ ಮೊದಲು ತಾಯಿಯ ರಕ್ತ ನೋಡಿಸಲಿ. ನನ್ನ ಕೈ ಆಮೇಲೆ ನೋಡಿದರೆ ಸಾಕು."