ಮೆಂತ್ಯೆ ಸೊಪ್ಪಿಗೆ ಜ್ವರದ ಗುಳಿಗೆ

ಮೆಂತ್ಯೆ ಸೊಪ್ಪು ನೆನೆಹಾಕಿದ್ದ ಬೋಗುಣಿಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಅತ್ತೆ ಅದರಲ್ಲಿ ಗುಳಿಗೆ ಕರಗಿಸುತ್ತಿದ್ದರು!

ಧಾರವಾಡದಲ್ಲಿ ಜೀವಶಾಸ್ತ್ರ ಓದುವ ನನ್ನ ಮಗಳು ಹಿಂದಿನ ದಿನವಷ್ಟೇ ಉಪದೇಶ ಮಾಡಿದ್ದಳು: ರೊಟ್ಟಿ ಜತೆ ಹಸಿ ಮೆಂತ್ಯೆ ತಿನ್ನಬೇಡಿ, ಅದಕ್ಕೆ ಚರಂಡಿ ಸೇರಿದ ಹಳ್ಳದ ನೀರು ಹಾಯಿಸುತ್ತಾರೆ, ಜನ ಆ್ಯಂಟಿಬಯಾಟಿಕ್ ಗುಳಿಗೆಯನ್ನು ಅರ್ಧಕ್ಕೇ ಬಿಟ್ಟುಬಿಡುವುದರಿಂದ ಆ ನೀರಿನ ಬ್ಯಾಕ್ಟೀರಿಯಾ ಔಷಧಕ್ಕೂ ಸಾಯದಷ್ಟು ಗಟ್ಟಿಯಾಗಿವೆ, ಎಂದು.

"ಆಯಿ, ಅವು ಗುಳಿಗಿಗೆ ಸಾಯಂಗಿಲ್ಲ ಅಂತ ಹೇಳಿದ್ನಲ್ಲ! ಎಲ್ಲಿಂದ ತಂದಿ ಇವನ್ನ?" ಎಂದು ಮಗಳು ಅಜ್ಜಿಯ ಕೈ ಹಿಡಿದಳು.

"ನಿನ್ನವ. ಜ್ವರ ಇಳೀತಂತ ಅರ್ಧಕ್ಕ ಬಿಟ್ಟಿದ್ದಿ ನೋಡು, ಅವ" ಎಂದರು ಅತ್ತೆ.

ಈಗ ನಮ್ಮ ಮನೆಯಲ್ಲಿ ಮೆಂತ್ಯೆ ಬೇಯುತ್ತದೆ. ಮಗಳು ಯಾವ ಗುಳಿಗೆ ನುಂಗಿದರೂ ಅಜ್ಜಿಗೆ ಬಾಯಿ ತೆರೆದು ತೋರಿಸಬೇಕು.