ಪಾಳಾದ ಬಸ್ಸು ಬಂದಿತ್ತಂತೆ

ನನ್ನ ಗಂಡನ ಧ್ವನಿ ಚೆನ್ನಾಗಿತ್ತು. ಎಲ್ಲ ಅನರ್ಥಕ್ಕೂ ಅದೇ ಕಾರಣ ಎಂದು ಇಂದಿಗೂ ಒಳಗೊಳಗೇ ಬೈದುಕೊಳ್ಳುತ್ತೇನೆ. ಅರವತ್ತರ ದಶಕದ ಮೊದಲ ವರ್ಷಗಳು. ಅವರು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಸ್ಸುಗಳು ಖಾಸಗಿಯವರ ಕೈಬಿಟ್ಟು ಸರ್ಕಾರದ ಕಂಪನಿಗೆ ಬಂದಿದ್ದವು, ಆದರೆ ಜನರಿಗೆ ಅದರ ಮೇಲೆ ಇನ್ನೂ ನಂಬಿಕೆ ಕೂತಿರಲಿಲ್ಲ. ಅದಕ್ಕೆಂದೇ ಮೇಲಿನವರು ಒಂದು ಪದ್ಧತಿ ಹಾಕಿದರು: ವರ್ಷಕ್ಕೊಮ್ಮೆ ತಾಲೂಕಿನ ಸಂತೆಯಲ್ಲಿ ಮೈಕು ಹಚ್ಚಿ, ಯಾವ ದಾರಿಯ ಬಸ್ಸು ಹೇಗೆ ಓಡಿತು ಎಂಬ ವರದಿಯನ್ನು ಗಟ್ಟಿಯಾಗಿ ಓದಬೇಕು, ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕಂಪನಿ ನಿಮ್ಮದೇ, ಬಂದು ಕೇಳಿರಿ ಎಂದು. ಯೋಚನೆಯೇನೋ ಬಹಳ ಚಂದವಿತ್ತು.

ನನ್ನ ತವರು ಮುಂಡಗೋಡ ತಾಲೂಕಿನ ಪಾಳಾ. ಆ ವರ್ಷ ನನ್ನ ತಂಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದಿದ್ದಳು. ಮುಲ್ಕಿ ಪಾಸಾದರೆ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ಕಲಿಸಬಹುದಿತ್ತು. ಓಣಿಯ ಚಿಳ್ಳೆಪಿಳ್ಳೆಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಸುವುದೆಂದರೆ ಅವಳಿಗೆ ಊಟ ನಿದ್ದೆ ಬೇಡ. ಪರೀಕ್ಷೆಯ ದಿನ ಮುಂಡಗೋಡಕ್ಕೆ ಹೋಗುವ ಬೆಳಗಿನ ಬಸ್ಸು ಬರಲೇ ಇಲ್ಲ. ಹೊಲಕ್ಕೆ ಹೋದವರು ಬುತ್ತಿ ಬಿಚ್ಚುವ ಹೊತ್ತಿನ ತನಕ ಅವಳೊಬ್ಬಳೇ ಊರ ಅಗಸಿ ಬಾಗಿಲ ಹತ್ತಿರ ಕೂತಿದ್ದು, ಅತ್ತು ಮನೆಗೆ ಬಂದಳಂತೆ. ಅದೇ ಬಸ್ಸು ಆ ಬೆಳಿಗ್ಗೆ ಹಳಿಯಾಳದಲ್ಲಿ ಕೆಟ್ಟು, ಬಾನೆಟ್ ತೆರೆದುಕೊಂಡು ನಿಂತಿತ್ತು. ಊಟಕ್ಕೆ ಕೂತಾಗ ನನ್ನ ಗಂಡನೇ ನನಗೆ ಹೇಳಿದ್ದರು.

ತವರಿನಲ್ಲಿ ದೊಡ್ಡಪ್ಪನದೇ ಕಾರಭಾರ. ಕೆಟ್ಟವನಲ್ಲ, ಆದರೆ ಹಟಮಾರಿ. ಬಸ್ಸಿನಿಂದಾಗಿ ಪರೀಕ್ಷೆ ತಪ್ಪಿದ್ದರೆ ಹುಡುಗಿ ಮುಂದಿನ ವರ್ಷ ಮತ್ತೆ ಕೂರಲಿ, ಮಲಗಿ ತಪ್ಪಿಸಿಕೊಂಡಿದ್ದರೆ ಶಾಲೆ ಇಲ್ಲಿಗೆ ಸಾಕು ಎಂದುಬಿಟ್ಟ. ಯಾವುದು ಖರೆ ಎಂಬುದನ್ನು ಸಂತೆಯಲ್ಲಿ ಸರ್ಕಾರವೇ ಹೇಳಲಿ ಎಂದ. ತಂಗಿಗೇನು ಭಯ? ಬಸ್ಸು ಬಂದಿಲ್ಲವೆಂಬುದು ಅವಳಿಗೆ ಗೊತ್ತಿತ್ತಲ್ಲ. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಟ್ಟಿದ್ದಳು.

ಮುಂಡಗೋಡದಲ್ಲಿ ಓದಬೇಕಾದ ಕಾರಕೂನನಿಗೆ ಜ್ವರ ಬಂತು. ಧ್ವನಿ ಚೆನ್ನಾಗಿದೆಯೆಂದು ನನ್ನ ಗಂಡನನ್ನು ಕಳಿಸಿದರು. ತವರು ನೋಡಿದ ಹಾಗಾಯಿತೆಂದು ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ತಂಗಿಯದೇ ಮಾತು ಹೇಳಿದೆ. ಅವರು ಹೂಂಗುಟ್ಟಿದರು, ಅಷ್ಟೇ.

ಸಂತೆಯಲ್ಲಿ ನಾನು ಹೆಂಗಸರ ನಡುವೆ ನಿಂತೆ. ಅಪ್ಪ, ದೊಡ್ಡಪ್ಪ ಮುಂದೆ ಕೂತಿದ್ದರು. ಓದುವವನು ಅಳಿಯನೆಂಬುದು ಅವರಿಗೆ ಗೊತ್ತಿರಲಿಲ್ಲ. ಮೈಕಿನ ಮುಂದೆ ಅಳಿಯನನ್ನು ಕಂಡ ಅಪ್ಪ ಗಡಬಡಿಸಿ ರುಮಾಲು ಸರಿಮಾಡಿಕೊಂಡ. ವರದಿ ಶುರುವಾಯಿತು. ಪಾಳಾ ಮೇಲೆ ಹಾಯುವ ಬೆಳಗಿನ ಬಸ್ಸು ವರ್ಷವಿಡೀ ಒಂದು ದಿನವೂ ತಪ್ಪದೆ ಓಡಿದೆ ಎಂದು ನನ್ನ ಗಂಡ ಆ ಚಂದದ ಧ್ವನಿಯಲ್ಲಿ ಓದಿದರು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ದೊಡ್ಡಪ್ಪ ಅಪ್ಪನನ್ನು ತಿವಿದ.

ನಮ್ಮ ಮಂದಿಯಲ್ಲಿ ಅಳಿಯನಿಗೆ ಎದುರಾಡುವುದಿಲ್ಲ. ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ತಪ್ಪು ಮಾತಾಡಿದರೂ ತಲೆಯಾಡಿಸಬೇಕು. ಅದು ಮನೆಯೊಳಗಿನ ಮರ್ಯಾದೆ. ಸಂತೆಯಲ್ಲಿ, ಸರ್ಕಾರದ ಮುಂದೆ ಅದಕ್ಕೇನು ಕೆಲಸ? ಆದರೆ ಅಪ್ಪ ಅರ್ಧ ಎದ್ದು ಕೈ ಮುಗಿದ.

“ಏನಿಲ್ರಿ. ಅಳಿಯಂದ್ರು ಓದಿದ್ದು ಬರೋಬರಿ ಐತಿ.”

ಹಾಗಾದರೆ ಹುಡುಗಿಯೇ ಮಲಗಿದ್ದಳು ಎಂದು ದೊಡ್ಡಪ್ಪ ಅಲ್ಲೇ ತೀರ್ಮಾನ ಮಾಡಿದ. ಪಾಳಾದವರು ನಾಲ್ಕು ಮಂದಿ ಅದನ್ನು ಕೇಳಿಸಿಕೊಂಡು ಊರಿಗೆ ಒಯ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಮನೆಯಲ್ಲಿ ಅಳಿಯ ಬಂದನೆಂದು ಹೋಳಿಗೆ. ಹಿತ್ತಲಿನಲ್ಲಿ ಅಪ್ಪನನ್ನು ಹಿಡಿದು ಕೇಳಿದೆ. ಬಸ್ಸು ಬಂದಿರಲಿಲ್ಲ, ನನಗೆ ಗೊತ್ತಿದೆ, ನಿನಗೂ ಗೊತ್ತಿದೆ, ಯಾಕೆ ಸುಮ್ಮನಾದೆ ಎಂದೆ. ಅಪ್ಪ ನನ್ನ ಮುಖ ನೋಡಲಿಲ್ಲ.

“ನಾಲ್ಕ ಮಂದ್ಯಾಗ ನಿನ್ನ ಗಂಡನ್ನ ಸುಳ್ಳ ಮಾಡಿದ್ರ, ನಾಳೆ ನಿನ್ನ ಬಾಳೆ ಹೆಂಗವಾ?”

ತಂಗಿ ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ನನ್ನ ಗಂಡನ ಹೋಳಿಗೆಗೆ ತುಪ್ಪ ಹಾಕಿ, ಇನ್ನಷ್ಟು ಹಾಕಲೇ ಎಂದು ಕೇಳಿದಳು. ಅವರು ಸಾಕೆಂದರು. ನನ್ನ ಸಂಸಾರಕ್ಕಾಗಿ ಅವಳ ಶಾಲೆ ಹೋಯಿತಲ್ಲ ಎಂದು ನನಗೆ ನಾಚಿಕೆಯಾಯಿತು.

ಮರಳುವ ಬಸ್ಸಿನಲ್ಲಿ ನನ್ನ ಗಂಡ ತಾವೇ ಬಾಯಿ ತೆಗೆದರು. ಕಾಗದ ಮೇಲಿನಿಂದ ಬಂದದ್ದು, ನಾನು ಬರೀ ಓದುವವನು ಎಂದರು. ನಾನು ಹಳಿಯಾಳ ಬರುವವರೆಗೂ ಕಿಟಕಿ ಕಡೆಗೇ ಮುಖ ಮಾಡಿ ಕೂತೆ.

ಈ ವರದಿಯನ್ನು ಯಾರೂ ನಂಬುತ್ತಿಲ್ಲವೆಂದು ಮೇಲಿನವರಿಗೂ ತಿಳಿಯಿತೇನೋ. ಮರುವರ್ಷ ಹೊಸ ಹುಕುಮು ಬಂತು: ಓಡದ ಬಸ್ಸನ್ನೂ ಓದಬೇಕು, ಯಾಕೆ ಓಡಲಿಲ್ಲವೆಂದೂ ಹೇಳಬೇಕು. ನನ್ನ ಗಂಡನೇ ಮತ್ತೆ ಮುಂಡಗೋಡಕ್ಕೆ ಹೋದರು, ಜೊತೆಗೆ ನಾನೂ. ಕೆಟ್ಟು ನಿಂತದ್ದು, ಹಳ್ಳ ಬಂದು ತಿರುಗಿ ಹೋದದ್ದು, ಡ್ರೈವರ್ ಇಲ್ಲದೆ ಬಿಟ್ಟದ್ದು, ಒಂದೊಂದಾಗಿ ಓದಿದರು. ಜನ ವ್ಯಾಪಾರ ಬಿಟ್ಟು ಬಂದು ನಿಂತರು. ಖರೆ ಹೇಳುವ ಮನುಷ್ಯ ಎಂದು ಹೊಗಳಿದರು. ದೊಡ್ಡಪ್ಪನಂತೂ ಇಂಥ ಅಳಿಯ ಸಿಗಬೇಕಲ್ಲ ಎಂದು ಎದೆ ಉಬ್ಬಿಸಿದ.

ಮೆಣಸಿನಕಾಯಿ ಬುಟ್ಟಿ ಮುಂದಿಟ್ಟುಕೊಂಡು ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಮದುವೆ ಗೊತ್ತಾಗಿತ್ತು. ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು. ಮೈಕು ಇಳಿಸುವಾಗ ನನ್ನ ಸೆರಗು ಜಗ್ಗಿದಳು.

“ಅಕ್ಕಾ, ಹೋದ ವರ್ಷದ್ದೂ ಓದ್ತಾರೇನ?”

“ಇಲ್ಲವಾ,” ಎಂದೆ. “ಈ ವರ್ಷದ್ದಷ್ಟ.”